ಎಂಜಿನ್‌ಗೆ ಬಲ ಬಂತು, ಗೇರ್‌ಬಾಕ್ಸ್‌ಗೆ?

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯ ನಮಗೆಲ್ಲ ಟ್ರ್ಯಾಕ್ಟರ್ ಗೊತ್ತು. ಕೆಸರಲ್ಲಿ ಹೂತಾಗ ಹಾಫ್ ಕ್ಲಚ್‌ನಲ್ಲಿ ರೇಸ್ ಕೊಟ್ಟರೆ ಎಂಜಿನ್‌ಗೆ ಏನೂ ಆಗಲ್ಲ, ಕ್ಲಚ್ ಸುಡುತ್ತೆ.

ಎಂಜಿನ್ ಬಲ ಹೆಚ್ಚಿಸಿದ ಆಟೋಮ್ಯಾಟಿಕ್ ಕಾರಿನದೂ ಇದೇ ಕಥೆ. ಎಂಜಿನ್ 500 ನ್ಯೂಟನ್ ಮೀಟರ್ ಟಾರ್ಕ್ ಕೊಟ್ಟರೆ, ಕಾರು ಹೊರಡುವಾಗ ಟಾರ್ಕ್ ಕನ್ವರ್ಟರ್ ಅದನ್ನು ಸುಮಾರು ಎರಡು ಪಟ್ಟು ಮಾಡುತ್ತೆ. ಗೇರ್‌ಬಾಕ್ಸ್ ಒಳಗೆ ಹೋಗೋದು ಹತ್ತಿರ ಹತ್ತಿರ 1000! ಒಳಗಿನ ಕ್ಲಚ್ ಪ್ಲೇಟ್‌ಗಳು ಜಾರಿದರೆ ಬಿಸಿ, ಬಿಸಿಯಾದರೆ ಆಯಿಲ್ ಹಾಳು, ಆಮೇಲೆ ಗೇರ್‌ಬಾಕ್ಸೇ ಹೋಗುತ್ತೆ.

ಅದಕ್ಕೇ ಅಮೆರಿಕದಲ್ಲಿ ಜನರಲ್ ಮೋಟಾರ್ಸ್‌ನ 4ಎಲ್60-ಇ ತೆಗೆದು, ಭಾರದ ಟ್ರಕ್‌ಗಳಲ್ಲಿ ಬರುತ್ತಿದ್ದ 4ಎಲ್80-ಇ ಹಾಕ್ತಾರೆ. ಮೊದಲ ಗೇರ್ ಅನುಪಾತ 3.06ರಿಂದ 2.48ಕ್ಕೆ ಇಳಿಯುತ್ತೆ, ಎಳೆತ ಸ್ವಲ್ಪ ಕಮ್ಮಿ, ಬಾಳಿಕೆ ಜಾಸ್ತಿ. ಪ್ರೊಪೆಲ್ಲರ್ ಶಾಫ್ಟ್, ಆಯಿಲ್ ಕೂಲರ್, ಕಂಟ್ರೋಲರ್ ಎಲ್ಲವನ್ನೂ ಹೊಂದಿಸಬೇಕು.

ಊರಲ್ಲಿ ಯಾರಾದರೂ ಕಾರಿಗೆ ಬರೀ ರೀಮ್ಯಾಪ್ ಮಾಡಿಸ್ತೀನಿ ಅಂದ್ರೆ ಮೊದಲು ಕೇಳೋಣ: ಗೇರ್‌ಬಾಕ್ಸ್ ಎಷ್ಟು ಟಾರ್ಕ್ ತಡೆಯುತ್ತೆ?