ಯಾರ ಪೈಕಿ ಎಷ್ಟು?

2011ರ ಜನಗಣತಿಯ ಪ್ರಕಾರ ಕರ್ನಾಟಕದ ಸಾಕ್ಷರತೆ ಶೇ. 75.36. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಈ ಅಂಕಿ ಬಾಯಿಪಾಠ. ಅದೇ ಗಣತಿಯ ಮೂಲ ಸಂಖ್ಯೆಗಳನ್ನು ತೆಗೆದುಕೊಂಡು ನಾವೇ ಲೆಕ್ಕ ಮಾಡಿ ನೋಡೋಣ. ರಾಜ್ಯದ ಒಟ್ಟು ಜನಸಂಖ್ಯೆ 6,10,95,297. ಅಕ್ಷರಸ್ಥರು 4,06,47,322. ಭಾಗಿಸಿದರೆ ಬರುವುದು ಶೇ. 66.53. ಸುಮಾರು ಒಂಬತ್ತರಷ್ಟು ಕಡಿಮೆ.

ಭಾಗಾಕಾರ ಎರಡು ಕಡೆಯೂ ಸರಿಯಾಗಿದೆ. ಬೇರೆಯಾಗಿರುವುದು ಗೆರೆಯ ಕೆಳಗಿನ ಸಂಖ್ಯೆ. ಶಾಲೆಯಲ್ಲಿ ಛೇದ ಎಂದು ಕಲಿತದ್ದನ್ನೇ ಸಮೀಕ್ಷೆಯ ಕೆಲಸದವರು ‘ಆಧಾರ’ ಅಥವಾ ‘ಬೇಸ್’ ಎನ್ನುತ್ತಾರೆ: ಯಾವ ಗುಂಪನ್ನು ನೂರು ಎಂದು ಇಟ್ಟುಕೊಂಡಿದ್ದೇವೆ ಎಂಬುದು. ಜನಗಣತಿಯವರು ಒಟ್ಟು ಜನಸಂಖ್ಯೆಯಿಂದ ಏಳು ವರ್ಷ ತುಂಬದ 71,61,033 ಮಕ್ಕಳನ್ನು ಕಳೆದು, ಉಳಿದ 5,39,34,264 ಜನರನ್ನು ಆಧಾರ ಮಾಡಿಕೊಂಡರು. ಗಣತಿಯ ನಿಯಮದಂತೆ ಏಳು ತುಂಬದ ಮಗು, ಒಂದನೇ ತರಗತಿಯಲ್ಲಿ ಕೂತು ಪಾಠ ಓದುತ್ತಿದ್ದರೂ, ಅಕ್ಷರಸ್ಥರ ಲೆಕ್ಕಕ್ಕೆ ಬರುವುದಿಲ್ಲ. ಗೆರೆಯ ಮೇಲೆ ಬರಲು ದಾರಿಯೇ ಇಲ್ಲದವರನ್ನು ಗೆರೆಯ ಕೆಳಗೂ ಇಡಬಾರದು. ತೊಟ್ಟಿಲಲ್ಲಿರುವ ಕೂಸನ್ನು ಸೇರಿಸಿಕೊಂಡು ‘ಇಷ್ಟು ಜನ ಓದಲಾರರು’ ಎಂದರೆ ಅದು ಶಾಲೆಗಳ ಬಗ್ಗೆ ಹೇಳುವುದಕ್ಕಿಂತ ಹೆಚ್ಚಾಗಿ ಹೆರಿಗೆಗಳ ಬಗ್ಗೆ ಹೇಳುತ್ತದೆ.

ಏಳು ವರ್ಷದ ಈ ಗೆರೆ ಬಂದದ್ದು 1991ರ ಗಣತಿಯಲ್ಲಿ. ಹಳೆಯ ದಶಕಗಳ ಸಾಕ್ಷರತೆಯನ್ನು ಸಾಲಾಗಿ ಕೊಡುವ ಕೋಷ್ಟಕದ ಅಡಿಯಲ್ಲಿ ಸಣ್ಣ ಅಕ್ಷರದ ಟಿಪ್ಪಣಿಯೊಂದು ಇರುತ್ತದೆ: 1951, 1961, 1971ರ ದರಗಳು ಐದು ವರ್ಷ ಮೇಲ್ಪಟ್ಟವರವು, 1981ರಿಂದ ಈಚಿನವು ಏಳು ವರ್ಷ ಮೇಲ್ಪಟ್ಟವರವು (1981ರ ದರವನ್ನು ಹೊಸ ಗೆರೆಗೆ ತಕ್ಕಂತೆ ಆಮೇಲೆ ಮತ್ತೆ ಲೆಕ್ಕ ಹಾಕಿದ್ದು). ಈ ಕೆಲಸ ಬಲ್ಲವರು ಅಂಕಿಗಿಂತ ಮೊದಲು ಓದುವುದು ಆ ಟಿಪ್ಪಣಿಯನ್ನು.

ಇದಕ್ಕಿಂತ ಸೂಕ್ಷ್ಮವಾದ ಆಯ್ಕೆ ಎದುರಾಗುವುದು ಎರಡು ವಿಷಯಗಳನ್ನು ಎದುರುಬದುರು ಇಟ್ಟ ಕೋಷ್ಟಕದಲ್ಲಿ. ಅಲ್ಲಿ ಅಡ್ಡಸಾಲುಗಳಿರುತ್ತವೆ, ಕಂಬಸಾಲುಗಳಿರುತ್ತವೆ, ಅವು ಕೂಡುವ ಕಡೆ ಒಂದೊಂದು ಮನೆ. 1912ರ ಏಪ್ರಿಲ್‌ನಲ್ಲಿ ಮುಳುಗಿದ ಟೈಟಾನಿಕ್ ಹಡಗಿನ ಲೆಕ್ಕವನ್ನೇ ನೋಡಿ. ಬ್ರಿಟಿಷ್ ವಿಚಾರಣೆಯ ವರದಿಯ ಪ್ರಕಾರ ಹಡಗಿನಲ್ಲಿದ್ದವರು 2,201 ಮಂದಿ, ಬದುಕಿದವರು 711. ಮೊದಲ ದರ್ಜೆಯ 325 ಪ್ರಯಾಣಿಕರಲ್ಲಿ 203, ಎರಡನೇ ದರ್ಜೆಯ 285ರಲ್ಲಿ 118, ಮೂರನೇ ದರ್ಜೆಯ 706ರಲ್ಲಿ 178, ಹಡಗಿನ ಸಿಬ್ಬಂದಿ 885 ಜನರಲ್ಲಿ 212 ಮಂದಿ ಉಳಿದರು.

ಸಿಬ್ಬಂದಿಯ ಆ 212 ಎಂಬ ಒಂದೇ ಮನೆಯ ಮೇಲೆ ಬೆರಳಿಡಿ. ಅಡ್ಡಸಾಲಿನ ಮೊತ್ತ 885ರಿಂದ ಭಾಗಿಸಿದರೆ ಶೇ. 24. ಕಂಬಸಾಲಿನ ಮೊತ್ತ 711ರಿಂದ ಭಾಗಿಸಿದರೆ ಶೇ. 30. ಹಡಗಿನಲ್ಲಿದ್ದ ಎಲ್ಲರ ಮೊತ್ತ 2,201ರಿಂದ ಭಾಗಿಸಿದರೆ ಶೇ. 10ಕ್ಕೆ ತುಸು ಕಡಿಮೆ. ಒಂದು ಸಂಖ್ಯೆಗೆ ಮೂರು ಶೇಕಡಾ, ಮೂರೂ ನಿಜ.

ಯಾವುದನ್ನು ಆರಿಸಬೇಕು? ಬದುಕಿದವರನ್ನು ಹತ್ತಿಸಿಕೊಂಡ ಕಾರ್ಪೇಥಿಯಾ ಹಡಗಿನ ಡೆಕ್ಕಿನ ಮೇಲೆ ನಿಂತು ‘ಇಲ್ಲಿರುವವರೆಲ್ಲ ಯಾರು?’ ಎಂದು ಕೇಳಿದರೆ ಆಧಾರ 711. ಅಲ್ಲಿ ಸಿಬ್ಬಂದಿಯೇ ಎಲ್ಲರಿಗಿಂತ ಹೆಚ್ಚು. ಆದರೆ ‘ಯಾರಿಗೆ ಬದುಕುವ ಅವಕಾಶ ಎಷ್ಟಿತ್ತು?’ ಎಂದು ಕೇಳಿದರೆ ಒಂದೊಂದು ಗುಂಪಿನ ಒಟ್ಟು ಸಂಖ್ಯೆಯೇ ಆ ಗುಂಪಿಗೆ ಆಧಾರವಾಗಬೇಕು. ಆಗ ಮೊದಲ ದರ್ಜೆಗೆ ಶೇ. 62, ಎರಡನೆಯದಕ್ಕೆ 41, ಮೂರನೆಯದಕ್ಕೆ 25, ಸಿಬ್ಬಂದಿಗೆ 24. ಡೆಕ್ಕಿನ ಮೇಲೆ ಎಲ್ಲರಿಗಿಂತ ಮೊದಲಿದ್ದವರು ಇಲ್ಲಿ ಎಲ್ಲರಿಗಿಂತ ಕೊನೆಗೆ. ಆ ರಾತ್ರಿಯ ಅನ್ಯಾಯ ಕಾಣಿಸುವುದು ಈ ಎರಡನೇ ಲೆಕ್ಕದಲ್ಲಿ.

ಸಮಾಜಶಾಸ್ತ್ರಜ್ಞ ಹಾನ್ಸ್ ಝೈಸೆಲ್ 1947ರಲ್ಲಿ ಪ್ರಕಟಿಸಿದ ‘ಸೇ ಇಟ್ ವಿತ್ ಫಿಗರ್ಸ್’ ಎಂಬ ಪುಸ್ತಕದಲ್ಲಿ ಇದಕ್ಕೊಂದು ನಿಯಮ ಕೊಟ್ಟರು: ಎರಡು ವಿಷಯಗಳಲ್ಲಿ ಕಾರಣ ಯಾವುದೋ ಅದರ ಗುಂಪುಗಳನ್ನೇ ನೂರು ಎಂದಿಟ್ಟುಕೊಳ್ಳಿ. ದರ್ಜೆ ಮೊದಲು, ಸಾವು ಬದುಕು ಆಮೇಲೆ. ಆದ್ದರಿಂದ ದರ್ಜೆಯೇ ಆಧಾರ.

ಕನ್ನಡದಲ್ಲಿ ಈ ಕೆಲಸಕ್ಕೆ ಒಳ್ಳೆಯ ಉಪಕರಣವಿದೆ: ‘ಪೈಕಿ’ ಎಂಬ ಮಾತು. ‘ಸಿಬ್ಬಂದಿಯ ಪೈಕಿ ಶೇ. 24 ಮಂದಿ ಬದುಕಿದರು’, ‘ಬದುಕಿದವರ ಪೈಕಿ ಶೇ. 30 ಮಂದಿ ಸಿಬ್ಬಂದಿ’. ಪೈಕಿಯ ಹಿಂದೆ ಯಾರು ಬಂದರೋ ಅವರೇ ಆಧಾರ. ಕೋಷ್ಟಕ ಬಿಡಿಸುವ ಮೊದಲು ಈ ವಾಕ್ಯವನ್ನು ಪೂರ್ತಿಯಾಗಿ ಬರೆದುಕೊಂಡರೆ ಅರ್ಧ ತಪ್ಪು ಅಲ್ಲೇ ತಪ್ಪುತ್ತದೆ.

ಈ ಕಸುಬು ಎಷ್ಟು ನಯವಾಗಬಲ್ಲದು ಎಂದು ತಿಳಿಯಲು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ವರದಿಯನ್ನು ತೆರೆಯಬೇಕು. 2019-21ರಲ್ಲಿ ನಡೆದ ಐದನೇ ಸಮೀಕ್ಷೆಯಲ್ಲಿ 6,36,699 ಮನೆಗಳ 7,24,115 ಹೆಂಗಸರು ಉತ್ತರ ಕೊಟ್ಟಿದ್ದಾರೆ. ಆದರೆ ಎಲ್ಲ ಕೋಷ್ಟಕಕ್ಕೂ ಅವರೆಲ್ಲರೂ ಆಧಾರವಲ್ಲ. ರಕ್ತಹೀನತೆಗೆ ಒಂದು ಗುಂಪು, ಗರ್ಭನಿರೋಧಕ್ಕೆ 15ರಿಂದ 49 ವರ್ಷದ ವಿವಾಹಿತೆಯರು, ಲಸಿಕೆಗೆ 12ರಿಂದ 23 ತಿಂಗಳ ಮಕ್ಕಳು. ಹನ್ನೆರಡು ತಿಂಗಳು ತುಂಬದ ಕೂಸಿಗೆ ದಡಾರದ ಲಸಿಕೆಯ ಸಮಯ ಇನ್ನೂ ಮುಗಿದಿರುವುದಿಲ್ಲ. ಅದನ್ನು ಸೇರಿಸಿ ‘ಲಸಿಕೆ ಆಗಿಲ್ಲ’ ಎನ್ನುವುದು ಆಶಾ ಕಾರ್ಯಕರ್ತೆಗೂ ತಾಯಿಗೂ ಮಾಡುವ ಅಪಚಾರ.

ಇನ್ನೊಂದು ಜಾಗವಂತೂ ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ. ಗರ್ಭಿಣಿಯಾಗಿದ್ದಾಗಿನ ತಪಾಸಣೆಯ ಕೋಷ್ಟಕದಲ್ಲಿ ಎಣಿಸುವುದು ತಾಯಂದಿರನ್ನು, ಅದೂ ಐದು ವರ್ಷದೊಳಗಿನ ಕೊನೆಯ ಹೆರಿಗೆಗೆ ಮಾತ್ರ. ಆಸ್ಪತ್ರೆ ಹೆರಿಗೆಯ ಕೋಷ್ಟಕದಲ್ಲಿ ಎಣಿಸುವುದು ಜನನಗಳನ್ನು. ಐದು ವರ್ಷದಲ್ಲಿ ಎರಡು ಸಲ ಹೆತ್ತ ತಾಯಿ ಮೊದಲನೆಯದರಲ್ಲಿ ಒಮ್ಮೆ, ಎರಡನೆಯದರಲ್ಲಿ ಎರಡು ಸಲ ಬರುತ್ತಾಳೆ. ಎರಡು ಕೋಷ್ಟಕಗಳ ಶೇಕಡಾಗಳನ್ನು ಒಂದರಿಂದೊಂದು ಕಳೆದು ಸುದ್ದಿ ಬರೆಯಲು ಹೊರಟವರು ಇಲ್ಲಿ ನಿಲ್ಲಬೇಕು.

‘ಗೊತ್ತಿಲ್ಲ’ ಎಂದವರನ್ನು ಆಧಾರದಲ್ಲಿ ಇಡಬೇಕೋ ತೆಗೆಯಬೇಕೋ ಎಂಬುದನ್ನೂ ಪ್ರಶ್ನೆಯೇ ಹೇಳುತ್ತದೆ. ಯೋಜನೆಯೊಂದರ ಹೆಸರು ಎಷ್ಟು ಜನಕ್ಕೆ ಗೊತ್ತು ಎಂಬುದೇ ಪ್ರಶ್ನೆಯಾದರೆ ‘ಗೊತ್ತಿಲ್ಲ’ ಎನ್ನುವುದೂ ಒಂದು ಉತ್ತರವೇ.

ಆಧಾರ ಸರಿಯಿದ್ದೂ ತೀರ ಚಿಕ್ಕದಾದರೆ? ನಾಲ್ವರಲ್ಲಿ ಮೂವರು ಎಂಬುದು ಕಾಗದದ ಮೇಲೆ ಶೇ. 75 ಆಗಿಬಿಡುತ್ತದೆ. ಕುಟುಂಬ ಆರೋಗ್ಯ ಸಮೀಕ್ಷೆಯ ವರದಿಯಲ್ಲಿ ಇದಕ್ಕೆ ಕಟ್ಟುನಿಟ್ಟಾದ ಪದ್ಧತಿಯಿದೆ. ಉತ್ತರ ಕೊಟ್ಟವರು 25ರಿಂದ 49 ಮಂದಿ ಮಾತ್ರ ಇದ್ದರೆ ಶೇಕಡಾವನ್ನು ಕಂಸದೊಳಗೆ ಅಚ್ಚು ಹಾಕುತ್ತಾರೆ. 25ಕ್ಕಿಂತ ಕಡಿಮೆಯಿದ್ದರೆ ಅಂಕಿಯನ್ನೇ ಕೊಡದೆ ಒಂದು ನಕ್ಷತ್ರ ಚಿಹ್ನೆ ಇಡುತ್ತಾರೆ. ಶೇಕಡಾವನ್ನು ಲೆಕ್ಕ ಮಾಡುವಾಗ ಒಬ್ಬೊಬ್ಬರ ಉತ್ತರಕ್ಕೂ ಜನಸಂಖ್ಯೆಗೆ ತಕ್ಕ ತೂಕ ಕೊಟ್ಟಿರುತ್ತಾರೆ. ಕಂಸ ಹಾಕಬೇಕೇ ಬೇಡವೇ ಎಂದು ತೀರ್ಮಾನಿಸುವಾಗ ಮಾತ್ರ ಆ ತೂಕ ಬದಿಗಿಟ್ಟು, ಎದುರು ಕೂತು ಉತ್ತರ ಕೊಟ್ಟವರ ತಲೆಗಳನ್ನೇ ಎಣಿಸುತ್ತಾರೆ. ಅಷ್ಟು ದೂರದಿಂದ ತಂದ ಅಂಕಿಯನ್ನು ಕೈಯಾರೆ ಅಳಿಸಿ ನಕ್ಷತ್ರ ಇಡುವ ಆ ಸಂಯಮ ದೊಡ್ಡದು.

ಈ ಕೋಷ್ಟಕಗಳ ಬಲತುದಿಯಲ್ಲಿ ‘ಹೆಂಗಸರ ಸಂಖ್ಯೆ’, ‘ಮಕ್ಕಳ ಸಂಖ್ಯೆ’ ಎಂಬ ತಲೆಬರಹದ ಕಂಬಸಾಲು ಇರುತ್ತದೆ. ವರದಿ ಕೈಗೆ ಸಿಕ್ಕಾಗ ಮೊದಲು ಅದನ್ನು ಓದಿ.