ಪರೋಪಕಾರದ ನಷ್ಟವನ್ನು ಅಳೆಯುವುದು ಹೇಗೆ? ಕೆಂಪು ಅಳಿಲುಗಳ ಒಂದು ಅಧ್ಯಯನ

ತನಗೆ ನಷ್ಟವಾದರೂ ಇನ್ನೊಂದು ಜೀವಕ್ಕೆ ನೆರವಾಗುವುದನ್ನು ಪರೋಪಕಾರ ಎನ್ನುತ್ತೇವೆ. ಜೀವವಿಜ್ಞಾನವೂ ಈ ಪದವನ್ನು ಬಳಸುತ್ತದೆ, ಆದರೆ ಅಲ್ಲಿ ಭಾವನೆಯನ್ನು ಪರಿಗಣಿಸುವುದಿಲ್ಲ. ಒಂದು ಜೀವಿ ಎಷ್ಟು ಸಂತತಿಯನ್ನು ಬಿಟ್ಟುಹೋಗುತ್ತದೆ ಎಂಬುದಕ್ಕೆ ‘ಫಿಟ್‌ನೆಸ್’ ಎಂಬ ಹೆಸರಿದೆ. ಉಪಕಾರ ಮಾಡಿದ ಜೀವಿಯ ಫಿಟ್‌ನೆಸ್ ಎಷ್ಟು ತಗ್ಗಿತು, ಪಡೆದ ಜೀವಿಯದು ಎಷ್ಟು ಹೆಚ್ಚಿತು ಎಂಬುದೇ ಇಲ್ಲಿನ ಲೆಕ್ಕ.

ನಷ್ಟ ತರುವ ಗುಣ ಕಾಲಕ್ರಮದಲ್ಲಿ ಅಳಿದುಹೋಗಬೇಕಲ್ಲವೇ? ಈ ಪ್ರಶ್ನೆಗೆ 1964ರಲ್ಲಿ ಬ್ರಿಟನ್ನಿನ ವಿಜ್ಞಾನಿ ಡಬ್ಲ್ಯು. ಡಿ. ಹ್ಯಾಮಿಲ್ಟನ್ ಒಂದು ಸೂತ್ರದ ಮೂಲಕ ಉತ್ತರ ಕೊಟ್ಟರು. ಪಡೆದ ಜೀವಿಯ ಲಾಭವನ್ನು ರಕ್ತಸಂಬಂಧದ ಪ್ರಮಾಣದಿಂದ ಗುಣಿಸಬೇಕು. ಬಂದ ಮೊತ್ತ ಉಪಕಾರಿಯ ನಷ್ಟಕ್ಕಿಂತ ಹೆಚ್ಚಿದ್ದರೆ ಆ ಗುಣ ಪೀಳಿಗೆಗಳಲ್ಲಿ ಉಳಿಯುತ್ತದೆ. ಸಂಬಂಧದ ಪ್ರಮಾಣ ಒಡಹುಟ್ಟಿದವರಲ್ಲಿ ಅರ್ಧ, ಅಜ್ಜಿ-ಮೊಮ್ಮಕ್ಕಳಲ್ಲಿ ಕಾಲು ಭಾಗ.

ಸೂತ್ರ ಸರಳವಾದರೂ ನಷ್ಟವನ್ನು ಅಳೆಯುವುದು ಕಷ್ಟ. ಉಪಕಾರ ಮಾಡದಿದ್ದರೆ ಏನಾಗುತ್ತಿತ್ತು ಎಂಬುದು ಕಣ್ಣಿಗೆ ಕಾಣುವುದಿಲ್ಲ.

ಕೆನಡಾದ ಯೂಕಾನ್ ಪ್ರದೇಶದ ಕೆಂಪು ಅಳಿಲುಗಳ ಅಧ್ಯಯನ ಇದಕ್ಕೊಂದು ದಾರಿ ತೋರಿಸಿತು. ಈ ಅಳಿಲುಗಳು ಒಂಟಿಯಾಗಿ ಬಾಳುತ್ತವೆ. ತಮ್ಮ ಜಾಗಕ್ಕೆ ಬೇರೆ ಅಳಿಲು ಬಂದರೆ ಓಡಿಸುತ್ತವೆ. ಆದರೂ ತಾಯಿ ಸತ್ತ ಮರಿಯನ್ನು ಇನ್ನೊಂದು ತಾಯಿ ತನ್ನ ಗೂಡಿಗೆ ತಂದು ಸಾಕಿದ್ದನ್ನು ಸಂಶೋಧಕರು ಗಮನಿಸಿದರು. ಸುಮಾರು ಎರಡು ದಶಕಗಳ ದಾಖಲೆಯಲ್ಲಿ ಇಂಥ ಘಟನೆ ಸಿಕ್ಕಿದ್ದು ಐದು ಮಾತ್ರ. ಐದರಲ್ಲೂ ಮರಿ ಸಾಕುತಾಯಿಯ ಬಂಧುವೇ ಆಗಿತ್ತು.

ನಷ್ಟದ ಅಂದಾಜು ಸಿಕ್ಕಿದ್ದು ಅದೇ ದಾಖಲೆಯಿಂದ. ಗೂಡಿನಲ್ಲಿ ಮರಿಗಳು ಹೆಚ್ಚಿದಷ್ಟೂ ಪ್ರತಿ ಮರಿ ಬದುಕುಳಿಯುವ ಸಾಧ್ಯತೆ ತಗ್ಗುತ್ತದೆ. ಬೇರೆ ಬೇರೆ ಗೂಡುಗಳನ್ನು ಹೋಲಿಸಿದರೆ, ಒಂದು ಮರಿ ಹೆಚ್ಚಾದಾಗ ಸ್ವಂತ ಮರಿಗಳಿಗೆ ಆಗುವ ನಷ್ಟ ತಿಳಿಯುತ್ತದೆ. 

ಲೆಕ್ಕ ತಿಳಿಯಲು ಒಂದು ಕಾಲ್ಪನಿಕ ಉದಾಹರಣೆ: ಅನಾಥ ಮರಿಯ ಬದುಕುವ ಸಾಧ್ಯತೆ ನೂರಕ್ಕೆ 40ರಷ್ಟು ಏರುತ್ತದೆ, ಸಂಬಂಧ ಕಾಲು ಭಾಗ ಎಂದುಕೊಳ್ಳಿ. ಗುಣಿಸಿದರೆ 10. ಒಂದೇ ಮರಿಯಿರುವ ತಾಯಿಗೆ ಆಗುವ ನಷ್ಟ 4 ಆದರೆ ಆಕೆ ಸಾಕಬಹುದು. ಮೂರು ಮರಿಗಳಿರುವ ತಾಯಿಗೆ ನಷ್ಟ 25 ಆದರೆ ಸಾಕುವುದಿಲ್ಲ.

2010ರಲ್ಲಿ ಪ್ರಕಟವಾದ ಫಲಿತಾಂಶ ಹೀಗೆಯೇ ಇತ್ತು. ಲಾಭ ಹೆಚ್ಚಿದ್ದಲ್ಲಿ ತಾಯಂದಿರು ಮರಿಯನ್ನು ಸಾಕಿದ್ದವು. ನಷ್ಟ ಹೆಚ್ಚಿದ್ದಲ್ಲಿ ಬಂಧುವಿನ ಮರಿಯನ್ನೂ ಸಾಕಿರಲಿಲ್ಲ.

ಹಾಗಾದರೆ ತಾಯಿ ಅಳಿಲು ಲೆಕ್ಕ ಹಾಕುತ್ತದೆಯೇ? ಇಲ್ಲ. ಈ ಸೂತ್ರ ಒಂದು ಸ್ವಭಾವ ಹೇಗೆ ಉಳಿದುಬಂತು ಎಂಬುದನ್ನು ವಿವರಿಸುತ್ತದೆಯೇ ಹೊರತು, ಆ ಕ್ಷಣ ತಾಯಿಯ ಮನಸ್ಸಿನಲ್ಲಿ ಏನಿತ್ತು ಎಂಬುದನ್ನಲ್ಲ. ಆದ್ದರಿಂದ ‘ಪರೋಪಕಾರವೆಲ್ಲ ಒಳಗೊಳಗೇ ಸ್ವಾರ್ಥ’ ಎಂದು ಇದರಿಂದ ತೀರ್ಮಾನಿಸುವುದು ಸರಿಯಲ್ಲ.

ದಯೆ ಬಂಧುಗಳಿಗೆ ಮಾತ್ರ ಸೀಮಿತವಾಗಿರಬೇಕೆಂದೂ ಈ ಸೂತ್ರ ಹೇಳುವುದಿಲ್ಲ. ರಕ್ತಸಂಬಂಧವೇ ಇಲ್ಲದ ಮಗುವನ್ನು ಮಡಿಲಿಗೆ ತೆಗೆದುಕೊಳ್ಳುವವರು, ಗಾಯಗೊಂಡ ಹಕ್ಕಿಯನ್ನು ಕಾಪಾಡುವವರು ನಮ್ಮ ನಡುವೆಯೇ ಇದ್ದಾರೆ. ಪ್ರಕೃತಿಯಲ್ಲಿ ಏನು ನಡೆಯುತ್ತದೆ ಎಂಬುದನ್ನು ವಿಜ್ಞಾನ ಅಳೆಯಬಲ್ಲದು. ನಾವು ಹೇಗೆ ನಡೆಯಬೇಕು ಎಂಬುದನ್ನು ನಾವೇ ನಿರ್ಧರಿಸಬೇಕು.