ಇಂಪು ಹೆಚ್ಚಲಿ, ಸದ್ದು ತಗ್ಗಲಿ: ಸಂಗೀತ ಪ್ಲೇಯರಿಗೆ ಹೊಂದುವ ಇಯರ್‌ಫೋನ್

ಕಣ್ಣಿಗೆ ರೆಪ್ಪೆಯುಂಟು, ಕಿವಿಗಿಲ್ಲ. ಬೇಡವಾದ ನೋಟವನ್ನು ಕಣ್ಣು ಮುಚ್ಚಿ ತಡೆಯಬಹುದು. ಬೇಡವಾದ ಸದ್ದನ್ನು ಕಿವಿ ತಾನಾಗಿ ತಡೆಯಲಾರದು. ನಾವು ನಿದ್ರಿಸುವಾಗಲೂ ಅದರ ಬಾಗಿಲು ತೆರೆದೇ ಇರುತ್ತದೆ. ಇಂತಹ ಇಂದ್ರಿಯದ ಹೊಸ್ತಿಲಿಗೇ ಧ್ವನಿಯಂತ್ರವನ್ನು ತಂದಿರಿಸಿಕೊಳ್ಳುವ ಅಭ್ಯಾಸ ಇಂದು ಮನೆಮನೆಯಲ್ಲಿಯೂ ಕಾಣುತ್ತಿದೆ. 1979ರಲ್ಲಿ ಜಪಾನಿನ ಸೋನಿ ಸಂಸ್ಥೆ ವಾಕ್‌ಮನ್ ಯಂತ್ರವನ್ನು ಮಾರುಕಟ್ಟೆಗೆ ತಂದಾಗ ಕ್ಯಾಸೆಟ್ ಸಂಗೀತವು ಜನರೊಡನೆ ನಡೆದಾಡತೊಡಗಿತು. 2001ರಲ್ಲಿ ಐಪಾಡ್ ಬಂದಿತು. ಈಗ ಆ ಕೆಲಸವನ್ನು ಮೊಬೈಲ್ ಫೋನೇ ಮಾಡುತ್ತಿದೆ. ವಚನಗಾಯನ ಕೇಳುವ ಹಿರಿಯರು, ಪಾಠ ಕೇಳುವ ಮಕ್ಕಳು, ಚಿತ್ರಗೀತೆ ಕೇಳುವ ತರುಣರು, ಎಲ್ಲರ ಕಿವಿಯಲ್ಲಿಯೂ ಇಯರ್‌ಫೋನ್ ಇದೆ.

‘ಚೆನ್ನಾಗಿ ಕೇಳಬೇಕಾದರೆ ಸದ್ದು ಜೋರಾಗಿರಬೇಕು, ಕಿವಿ ಉಳಿಯಬೇಕಾದರೆ ಸಂಗೀತವನ್ನೇ ಬಿಡಬೇಕು’ ಎಂಬ ಭಾವನೆ ಬಹುಜನರಲ್ಲಿದೆ. ಇವೆರಡೂ ಸರಿಯಲ್ಲ. ಪ್ಲೇಯರ್, ಇಯರ್‌ಫೋನ್ ಮತ್ತು ಕಿವಿ ಈ ಮೂರೂ ಒಂದಕ್ಕೊಂದು ಹೊಂದಿಕೊಂಡಾಗ ಸಣ್ಣ ದನಿಯಲ್ಲಿಯೇ ಸಂಗೀತದ ಎಲ್ಲ ವಿವರಗಳೂ ಕೇಳಿಸುತ್ತವೆ. ಹೊಂದದಿದ್ದಾಗ ಆ ಕೊರತೆಯನ್ನು ನಾವು ಸದ್ದಿನಿಂದ ತುಂಬಲು ಹೊರಡುತ್ತೇವೆ. ಆದುದರಿಂದ ಸರಿಯಾದ ಜೋಡಿಯನ್ನು ಆರಿಸುವುದು ರಸಿಕತೆಯ ವಿಷಯವಾಗಿರುವಂತೆಯೇ ಆರೋಗ್ಯದ ವಿಷಯವೂ ಆಗಿದೆ.

ಒಳಗಿವಿಯಲ್ಲಿ ನಡೆಯುವುದೇನು?

ಧ್ವನಿಯೆಂದರೆ ಗಾಳಿಯ ಕಂಪನ. ಅದು ಕಿವಿತಮಟೆಯನ್ನು ಅಲುಗಿಸಿ, ಮೂರು ಪುಟ್ಟ ಮೂಳೆಗಳ ಮೂಲಕ ಒಳಗಿವಿಯನ್ನು ಸೇರುತ್ತದೆ. ಅಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುಮಾರು ಎರಡೂವರೆ ಸುತ್ತು ಸುರುಳಿಗೊಂಡ ಕಾಕ್ಲಿಯಾ ಎಂಬ ಅಂಗವಿದೆ. ಅದರೊಳಗಿನ ಸುಮಾರು 15,000 ರೋಮಕೋಶಗಳು ಕಂಪನವನ್ನು ನರಗಳ ಸಂಕೇತವಾಗಿ ಬದಲಿಸಿ ಮಿದುಳಿಗೆ ಒಪ್ಪಿಸುತ್ತವೆ. ಚರ್ಮ ಗಾಯವಾದರೆ ಮಾಯುತ್ತದೆ, ಮೂಳೆ ಮುರಿದರೆ ಕೂಡುತ್ತದೆ. ಆದರೆ ಮನುಷ್ಯನ ಒಳಗಿವಿಯ ರೋಮಕೋಶ ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಅತಿಯಾದ ಸದ್ದಿಗೆ ಹೆಚ್ಚಾಗಿ ಮೊದಲು ಬಲಿಯಾಗುವುದು ತಾರಸ್ವರಗಳನ್ನು ಗ್ರಹಿಸುವ ಭಾಗ. ಆದ್ದರಿಂದಲೇ ಹಾನಿಗೊಳಗಾದವರು ‘ಮಾತು ಕೇಳಿಸುತ್ತದೆ, ಆದರೆ ಅಕ್ಷರ ಸ್ಪಷ್ಟವಾಗುವುದಿಲ್ಲ’ ಎನ್ನುತ್ತಾರೆ. ಸ, ಶ, ತ ಮೊದಲಾದ ವ್ಯಂಜನಗಳ ಗುರುತು ಅಡಗಿರುವುದು ಆ ಎತ್ತರದ ಕಂಪನಗಳಲ್ಲಿಯೇ.

ಸದ್ದಿಗೂ ಒಂದು ಪಥ್ಯ

ಔಷಧಿಯಲ್ಲಿ ಪ್ರಮಾಣವಿರುವಂತೆ ಸದ್ದಿಗೂ ಪ್ರಮಾಣವುಂಟು. ಅದು ಸದ್ದಿನ ತೀವ್ರತೆ ಮತ್ತು ಕೇಳಿದ ಕಾಲ ಎರಡನ್ನೂ ಅವಲಂಬಿಸಿದೆ. ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆಯಂತೆ ವಯಸ್ಕರು ವಾರಕ್ಕೆ 80 ಡೆಸಿಬೆಲ್ ಮಟ್ಟದಲ್ಲಿ 40 ಗಂಟೆ ಕೇಳಬಹುದು. ಮಕ್ಕಳಿಗೆ ಈ ಮಟ್ಟ 75 ಡೆಸಿಬೆಲ್. ಇಲ್ಲಿ ಮುಖ್ಯವಾಗಿ ತಿಳಿಯಬೇಕಾದ ಲೆಕ್ಕ ಇದು: ಸದ್ದು 3 ಡೆಸಿಬೆಲ್ ಏರಿದಂತೆಲ್ಲ ಕಾಲ ಅರ್ಧಕ್ಕಿಳಿಯುತ್ತದೆ. 83 ಡೆಸಿಬೆಲ್‌ಗೆ ವಾರಕ್ಕೆ 20 ಗಂಟೆ, 86ಕ್ಕೆ 10 ಗಂಟೆ, 89ಕ್ಕೆ 5 ಗಂಟೆ. 95 ಡೆಸಿಬೆಲ್ ಮುಟ್ಟಿದರೆ ಇಡೀ ವಾರಕ್ಕೆ ಒಂದೂಕಾಲು ಗಂಟೆ ಮಾತ್ರ. ಕಿವಿಗೆ 3 ಡೆಸಿಬೆಲ್ ವ್ಯತ್ಯಾಸ ಅಷ್ಟೇನೂ ದೊಡ್ಡದಾಗಿ ತೋರುವುದಿಲ್ಲ. ರೋಮಕೋಶಗಳ ಮೇಲೆ ಬೀಳುವ ಧ್ವನಿಶಕ್ತಿ ಮಾತ್ರ ಇಮ್ಮಡಿಯಾಗಿರುತ್ತದೆ. ಲೋಕದಲ್ಲಿ 100 ಕೋಟಿಗೂ ಹೆಚ್ಚು ಯುವಜನರು ಅಸುರಕ್ಷಿತ ಆಲಿಕೆಯಿಂದ ಶ್ರವಣಹಾನಿಯ ಅಪಾಯದಲ್ಲಿದ್ದಾರೆಂದು ಇದೇ ಸಂಸ್ಥೆ ಅಂದಾಜಿಸಿದೆ.

ಕಿವಿಗೆ ಒಪ್ಪುವ ತುದಿ

ಹೊಂದಾಣಿಕೆಯ ಮೊದಲ ಮೆಟ್ಟಿಲು ಯಂತ್ರದಲ್ಲಿಲ್ಲ, ಕಿವಿಯಲ್ಲಿದೆ. ಕಿವಿಯ ನಾಳದೊಳಗೆ ಕೂರುವ ಇಯರ್‌ಫೋನ್‌ಗಳೊಡನೆ ಸಾಮಾನ್ಯವಾಗಿ ಸಣ್ಣ, ಮಧ್ಯಮ, ದೊಡ್ಡ ಅಳತೆಯ ರಬ್ಬರಿನಂತಹ ಸಿಲಿಕಾನ್ ತುದಿಗಳನ್ನು ಕೊಡುತ್ತಾರೆ. ಬಹುಮಂದಿ ಪೆಟ್ಟಿಗೆಯಲ್ಲಿ ಬಂದದ್ದನ್ನೇ ಬಳಸಿ, ಉಳಿದ ತುದಿಗಳನ್ನು ಬಿಸಾಡುತ್ತಾರೆ. ತುದಿ ಸಡಿಲವಾದರೆ ಮೊದಲು ಸೋರಿಹೋಗುವುದು ಮಂದ್ರಧ್ವನಿ. ತಬಲಾ ಜೋಡಿಯ ಡಗ್ಗಾದ ಗುಂಭ ಮತ್ತು ತಂಬೂರಿಯ ಖರಜದ ತಂತಿಯ ತುಂಬು ಎರಡೂ ಮಾಯವಾಗಿ ಹಾಡು ತಗಡಿನಂತೆ ಕೇಳಿಸುತ್ತದೆ. ಅದೇ ಸಂದಿಯಿಂದ ಹೊರಗಿನ ಗದ್ದಲವೂ ಒಳನುಗ್ಗುತ್ತದೆ. ಕೇಳುಗನು ಎರಡನ್ನೂ ಸರಿಪಡಿಸಲು ಸದ್ದು ಏರಿಸುತ್ತಾನೆ.

ಇದಕ್ಕೆ ಪರಿಹಾರ ಸುಲಭ. ಮೂರೂ ಅಳತೆಗಳನ್ನು ಒಂದೇ ಹಾಡಿನೊಡನೆ ಹಾಕಿ ನೋಡಬೇಕು. ಯಾವುದರಲ್ಲಿ ಡಗ್ಗಾದ ದನಿ ತುಂಬಿ ಬರುವುದೋ, ನೋವಾಗದೆ ನಿಲ್ಲುವುದೋ ಅದೇ ಸರಿಯಾದ ಅಳತೆ. ಎಡ ಮತ್ತು ಬಲ ಕಿವಿಗಳಿಗೆ ಬೇರೆ ಬೇರೆ ಅಳತೆ ಬೇಕಾಗುವುದೂ ಉಂಟು.

ಬಸ್ಸು, ರೈಲುಗಳಲ್ಲಿ ಕೇಳುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ಹೊರಗಿನ ಸದ್ದನ್ನು ಮೀರಿಸಲು ಒಳಗಿನ ಸದ್ದನ್ನು ಏರಿಸುವುದೇ ಹಾನಿಯ ಮುಖ್ಯ ದಾರಿ. ಬಿಗಿಯಾಗಿ ಕೂತ ತುದಿ ಹೊರಸದ್ದನ್ನು ಬಹಳಷ್ಟು ತಡೆಯುತ್ತದೆ. ಗದ್ದಲ ನಿವಾರಕ ಇಯರ್‌ಫೋನ್‌ಗಳು ಎಂಜಿನ್ನಿನಂತಹ ಎಡೆಬಿಡದ ಮೊರೆತವನ್ನು ಇನ್ನೂ ಚೆನ್ನಾಗಿ ಅಡಗಿಸುತ್ತವೆ. ಆದರೆ ರಸ್ತೆಯಲ್ಲಿ ನಡೆಯುವಾಗ, ವಾಹನ ಓಡಿಸುವಾಗ ಇವಾವುದನ್ನೂ ಧರಿಸಬಾರದು. ಅಲ್ಲಿ ಹೊರಗಿನ ಸದ್ದೇ ನಮ್ಮ ಕಾವಲು.

ಪ್ಲೇಯರಿನ ಶಕ್ತಿ, ಇಯರ್‌ಫೋನಿನ ಬೇಡಿಕೆ

ಇಯರ್‌ಫೋನಿನ ಪೆಟ್ಟಿಗೆಯ ಮೇಲೆ ಎರಡು ಅಂಕಿಗಳನ್ನು ಮುದ್ರಿಸಿರುತ್ತಾರೆ. ಅವುಗಳನ್ನು ಓದಲು ಕಲಿತರೆ ಅರ್ಧ ಕೆಲಸ ಮುಗಿದಂತೆ.

ಮೊದಲನೆಯದು ಇಂಪೀಡೆನ್ಸ್, ಇಯರ್‌ಫೋನ್ ವಿದ್ಯುತ್ತಿನ ಹರಿವಿಗೆ ಒಡ್ಡುವ ತಡೆ. ಇದನ್ನು ಓಮ್‌ಗಳಲ್ಲಿ ಹೇಳುತ್ತಾರೆ. ಮೊಬೈಲ್ ಮತ್ತು ಜೇಬಿನ ಪ್ಲೇಯರುಗಳಿಗಾಗಿ ಮಾಡಿದವು ಹೆಚ್ಚಾಗಿ 16 ಅಥವಾ 32 ಓಮ್ ಇರುತ್ತವೆ. ಧ್ವನಿಮುದ್ರಣ ಕೋಣೆಗಳಲ್ಲಿ ಬಳಸುವ ದೊಡ್ಡ ಹೆಡ್‌ಫೋನ್‌ಗಳು 250, 300, 600 ಓಮ್‌ವರೆಗೂ ಇರುವುದುಂಟು. ಇವಕ್ಕೆ ಹೆಚ್ಚಿನ ವೋಲ್ಟೇಜ್ ಬೇಕು. ಚಿಕ್ಕ ಬ್ಯಾಟರಿಯ ಪ್ಲೇಯರ್ ಅದನ್ನು ಒದಗಿಸಲಾರದೆ ದನಿ ಸೊರಗುತ್ತದೆ. ಪೂರ್ತಿ ಏರಿಸಿದರೆ ಧ್ವನಿ ಒಡೆಯಬಹುದು. ಬೆಲೆ ಹೆಚ್ಚೆಂಬ ಕಾರಣಕ್ಕೆ ಇಂತಹ ಹೆಡ್‌ಫೋನ್ ತಂದು ಮೊಬೈಲಿಗೆ ಜೋಡಿಸುವುದು ಸೈಕಲ್ಲಿಗೆ ಎತ್ತಿನ ಗಾಡಿಯ ಭಾರ ಹೇರಿದಂತೆ.

ಎರಡನೆಯದು ಸೆನ್ಸಿಟಿವಿಟಿ, ಒಂದು ಮಿಲಿವ್ಯಾಟ್ ವಿದ್ಯುತ್ತಿಗೆ ಎಷ್ಟು ಡೆಸಿಬೆಲ್ ಸದ್ದು ಹೊಮ್ಮುವುದೆಂಬ ಲೆಕ್ಕ. 100 ಡೆಸಿಬೆಲ್ ಎಂದಿದ್ದರೆ ಒಂದು ಮಿಲಿವ್ಯಾಟ್ ಸಾಕು, ಕಿವಿಗೆ 100 ಡೆಸಿಬೆಲ್ ಬಡಿಯುತ್ತದೆ. ಸುರಕ್ಷಿತವಾದ 80 ಡೆಸಿಬೆಲ್‌ಗೆ ಬೇಕಾದುದು ಅದರ ನೂರರಲ್ಲಿ ಒಂದು ಪಾಲು ಮಾತ್ರ. ಹೊಂದುವ ಇಯರ್‌ಫೋನಿಗೆ ಸಾಮಾನ್ಯ ಮೊಬೈಲಿನ ಶಕ್ತಿಯೇ ಬೇಕಾದಷ್ಟಾಯಿತು. ಅಂಕಿ ದೊಡ್ಡದಿದ್ದಷ್ಟೂ ಒಳ್ಳೆಯದೆಂದೂ ತಿಳಿಯಬಾರದು. ಬಹಳ ಸೂಕ್ಷ್ಮವಾದ ಇಯರ್‌ಫೋನನ್ನು ಅಗ್ಗದ ಪ್ಲೇಯರಿಗೆ ಹಚ್ಚಿದರೆ ಹಾಡಿನ ಹಿಂದೆ ‘ಸ್‌ಸ್’ ಎಂಬ ಸಿಳ್ಳಿನ ಸದ್ದು ಕೇಳಿಸುತ್ತದೆ; ವಾಲ್ಯೂಮಿನ ಒಂದೊಂದು ಮೆಟ್ಟಿಲೂ ತೀರಾ ದೊಡ್ಡದಾಗುತ್ತದೆ.

ಇಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ. ಸದ್ದು ಏರಿಸುವಾಗ ಅನೇಕ ಮೊಬೈಲುಗಳ ಪರದೆಯ ಮೇಲೆ ಎಚ್ಚರಿಕೆಯ ಸೂಚನೆ ಮೂಡುತ್ತದೆ. ತಂತಿಯಿಂದ ಜೋಡಿಸಿದ ಬೇರೆ ಕಂಪನಿಯ ಇಯರ್‌ಫೋನ್ ಎಷ್ಟು ಸೂಕ್ಷ್ಮವೆಂಬುದು ಮೊಬೈಲಿಗೆ ಸಾಮಾನ್ಯವಾಗಿ ತಿಳಿಯದು. ಒಂದು ಜೋಡಿಯಲ್ಲಿ ಹಿತವಾಗಿದ್ದ ವಾಲ್ಯೂಮಿನ ಅದೇ ಮಟ್ಟ ಮತ್ತೊಂದರಲ್ಲಿ ಕಿವಿಗೆ ಹೆಚ್ಚಾಗಬಹುದು. ಆದ್ದರಿಂದ ಇಯರ್‌ಫೋನ್ ಬದಲಿಸಿದಾಗಲೆಲ್ಲ ಮೊದಲು ಸದ್ದನ್ನು ಪೂರ್ತಿ ಇಳಿಸಿ, ಬಳಿಕ ಮೆಲ್ಲನೆ ಏರಿಸಬೇಕು.

ಪ್ಲೇಯರಿಗೂ ತನ್ನದೇ ಆದ ಇಂಪೀಡೆನ್ಸ್ ಇರುತ್ತದೆ. ಅದು ಇಯರ್‌ಫೋನಿನದರ ಎಂಟನೆಯ ಒಂದು ಪಾಲನ್ನು ಮೀರಬಾರದೆಂಬುದು ಬಲ್ಲವರು ಪಾಲಿಸುವ ಸ್ಥೂಲ ನಿಯಮ. 16 ಓಮ್ ಇಯರ್‌ಫೋನಿಗೆ 2 ಓಮ್, 32ಕ್ಕೆ 4 ಓಮ್. ಇದು ಮೀರಿದರೆ ಕೆಲವು ಬಗೆಯ ಇಯರ್‌ಫೋನ್‌ಗಳಲ್ಲಿ ಕೆಲ ಸ್ವರಗಳು ಉಬ್ಬಿ, ಕೆಲವು ತಗ್ಗಿ, ಗಾಯಕನ ದನಿಯ ಬಣ್ಣವೇ ಬದಲಾಗುತ್ತದೆ.

ತಂತಿ ಮತ್ತು ನಿಸ್ತಂತು

ತಂತಿಯ ಪಿನ್ನು ಪೂರ್ತಿ ಒಳಗೆ ಕೂರದಿದ್ದರೆ, ಅಥವಾ ಮೈಕ್ ಇರುವ ಇಯರ್‌ಫೋನಿನ ಪಿನ್ನು ಹಳೆಯ ಪ್ಲೇಯರಿಗೆ ಹೊಂದದಿದ್ದರೆ ಒಂದು ವಿಚಿತ್ರ ನಡೆಯುತ್ತದೆ. ಪಕ್ಕವಾದ್ಯಗಳು ದೂರದಿಂದೆಂಬಂತೆ ಕೇಳಿಸುತ್ತವೆ, ಗಾಯನ ಮಾತ್ರ ಕಾಣೆಯಾಗುತ್ತದೆ. ಎರಡೂ ಕಡೆಗೆ ಸಮನಾದ ತಂತಿಸಂಪರ್ಕ ತಪ್ಪಿ, ನಡುವಿನ ಧ್ವನಿ ಪರಸ್ಪರ ಅಳಿಸಿಹೋಗುವುದೇ ಕಾರಣ. ಇಂತಹ ಸಂದರ್ಭದಲ್ಲಿ ವಾಲ್ಯೂಮ್ ಏರಿಸಿ ಫಲವಿಲ್ಲ. ಪಿನ್ನನ್ನು ಒರೆಸಿ, ಸರಿಯಾಗಿ ಒತ್ತಿ ಕೂರಿಸಬೇಕು.

ಬ್ಲೂಟೂತ್ ಇಯರ್‌ಫೋನ್‌ಗಳಲ್ಲಿ ಧ್ವನಿವರ್ಧಕವು ಅವುಗಳೊಳಗೇ ಇರುವುದರಿಂದ ಓಮ್ ಲೆಕ್ಕ ನಮಗೆ ಬೇಡ. ಅಲ್ಲಿ ನೋಡಬೇಕಾದುದು ಕೋಡೆಕ್, ಎಂದರೆ ಧ್ವನಿಯನ್ನು ಒತ್ತಿ ಕಳುಹಿಸುವ ವಿಧಾನ. ಎಸ್‌ಬಿಸಿ ಎಲ್ಲದರಲ್ಲಿಯೂ ಇದೆ. ಎಎಸಿ, ಆಪ್ಟ್‌ಎಕ್ಸ್, ಎಲ್‌ಡಿಎಸಿ ಮೊದಲಾದವು ಮೊಬೈಲ್ ಮತ್ತು ಇಯರ್‌ಫೋನ್ ಎರಡರಲ್ಲಿಯೂ ಇದ್ದರೆ ಮಾತ್ರ ಪ್ರಯೋಜನ. ಒಂದರಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಕೊಟ್ಟ ಹೆಚ್ಚಿನ ಹಣ ವ್ಯರ್ಥ.

ಮೂಲದಲ್ಲಿ ಇಲ್ಲದ್ದು ಕಿವಿಗೆ ಬಾರದು

ಹಿಂದಿನ 78 ಆರ್‌ಪಿಎಂ ತಟ್ಟೆಗಳಿಂದ ಬಂದ ಗಾಯನಗಳಲ್ಲಿ ತೀರಾ ಮಂದ್ರವಾಗಲಿ ತೀರಾ ಎತ್ತರದ ಕಂಪನವಾಗಲಿ ಮುದ್ರಿತವಾಗಿಯೇ ಇಲ್ಲ. ಜೊತೆಗೆ ಮುಳ್ಳಿನ ಕರಕರ ಸದ್ದೂ ಇದೆ. ಎಷ್ಟೇ ಬೆಲೆಯ ಇಯರ್‌ಫೋನ್ ಆದರೂ ಇಲ್ಲದ್ದನ್ನು ತರಲಾರದು. ಇಂತಹವನ್ನು ಕೇಳಲು ಎತ್ತರದ ಸ್ವರಗಳನ್ನು ಎತ್ತಿ ತೋರಿಸದ, ಮೃದುವಾದ ದನಿಯ ಇಯರ್‌ಫೋನ್ ಮೇಲು. ಹೊಸ ಮುದ್ರಣಗಳಲ್ಲಿಯಾದರೆ 128 ಕೆಬಿಪಿಎಸ್‌ಗಿಂತ 320 ಕೆಬಿಪಿಎಸ್‌ನ ಎಂಪಿ3 ಕಡತವನ್ನು ಆರಿಸುವುದು ಒಳಿತು.

ದನಿ ತಗ್ಗಿದಂತೆ ನಮ್ಮ ಕಿವಿಗೆ ಮಂದ್ರಸ್ವರಗಳು ಇನ್ನಷ್ಟು ಕ್ಷೀಣವಾಗಿ ತೋರುತ್ತವೆ. 1933ರಲ್ಲಿ ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು ಇದನ್ನು ಅಳೆದು ತೋರಿಸಿದರು. ಜೋರಾಗಿ ಹಾಕಿದರೆ ಹಾಡು ‘ತುಂಬಿ ಬಂದಂತೆ’ ಅನಿಸುವುದು ಇದರಿಂದಲೇ. ಆ ತುಂಬು ಬೇಕೆನಿಸಿದರೆ ಇಡೀ ಸದ್ದನ್ನು ಏರಿಸದೆ, ಈಕ್ವಲೈಸರ್‌ನಲ್ಲಿ ಮಂದ್ರವನ್ನಷ್ಟೇ ತುಸು ಎತ್ತಿಕೊಳ್ಳಬಹುದು.

ಅಂಗಡಿಯಲ್ಲಿ ಮೋಸಹೋಗುವುದೂ ಇದೇ ಕಾರಣದಿಂದ. ಎರಡು ಇಯರ್‌ಫೋನ್‌ಗಳನ್ನು ಹೋಲಿಸುವಾಗ ಯಾವುದು ಸ್ವಲ್ಪ ಜೋರಾಗಿದೆಯೋ ಅದೇ ಉತ್ತಮವೆಂದು ಮನಸ್ಸು ತೀರ್ಪು ಕೊಡುತ್ತದೆ. ಆದ್ದರಿಂದ ಎರಡನ್ನೂ ಒಂದೇ ಮಟ್ಟಕ್ಕೆ ತಂದು, ನಮಗೆ ಚೆನ್ನಾಗಿ ಪರಿಚಿತವಾದ ಹಾಡನ್ನು, ನಮ್ಮದೇ ಮೊಬೈಲಿನಿಂದ, ಸಣ್ಣ ದನಿಯಲ್ಲಿ ಕೇಳಬೇಕು. ಸಣ್ಣ ದನಿಯಲ್ಲಿಯೂ ಸಾಹಿತ್ಯದ ಅಕ್ಷರ ಬಿಡಿಬಿಡಿಯಾಗಿ ತಿಳಿದು, ಹಿಂದಿನ ತಂಬೂರಿ ಕೇಳಿಸುತ್ತಿದ್ದರೆ ಆ ಜೋಡಿ ಹೊಂದಿತೆಂದೇ ಅರ್ಥ.

ನಿತ್ಯ ಪಾಲಿಸಬೇಕಾದ ಕ್ರಮ

ನಿಶ್ಶಬ್ದವಾದ ಕೋಣೆಯಲ್ಲಿ ಕುಳಿತು, ಮಾತು ಸ್ಪಷ್ಟವಾಗುವ ಅತಿ ಕಡಿಮೆ ಮಟ್ಟವನ್ನು ಗುರುತಿಸಿಕೊಳ್ಳಿರಿ. ಎಲ್ಲಿ ಹೋದರೂ ಅದರ ಆಸುಪಾಸಿನಲ್ಲಿಯೇ ಇರಿ. ವಾಲ್ಯೂಮ್ ಗರಿಷ್ಠ ಮಟ್ಟದ ನೂರಕ್ಕೆ 60ರ ಒಳಗಿರಲಿ. ತೋಳಳತೆಯಲ್ಲಿ ಕುಳಿತವರು ಗಟ್ಟಿಯಾಗಿ ಮಾತನಾಡಿದರೂ ಕೇಳಿಸದಿದ್ದರೆ ಸದ್ದು ತಗ್ಗಿಸಿರಿ. ಗಂಟೆಗೊಮ್ಮೆ ಕಿವಿಗೆ ವಿರಾಮ ಕೊಡಿರಿ. ಹಾಡು ಹಾಕಿಕೊಂಡೇ ನಿದ್ರಿಸುವುದನ್ನು ಬಿಡಿರಿ.

ತುದಿಗಳನ್ನು ಆಗಾಗ ಬಿಚ್ಚಿ ತೊಳೆದು, ಪೂರ್ತಿ ಒಣಗಿಸಿ ಹಾಕಬೇಕು. ಗುಗ್ಗೆ ಮೆತ್ತಿದ ಜಾಲರಿಯಿಂದಲೂ ದನಿ ಕುಗ್ಗುತ್ತದೆ. ಅದನ್ನು ತಿಳಿಯದೆ ಸದ್ದು ಏರಿಸುವವರು ಅನೇಕರು. ಒಬ್ಬರ ಇಯರ್‌ಫೋನನ್ನು ಇನ್ನೊಬ್ಬರು ಬಳಸುವುದು ಸಲ್ಲದು. ಕಿವಿ ಸೋರುತ್ತಿರುವಾಗ, ತುರಿಕೆ ಅಥವಾ ನೋವಿರುವಾಗ ಇಯರ್‌ಫೋನ್ ಧರಿಸಲೇಬಾರದು. ಕಡ್ಡಿ, ಹೇರ್‌ಪಿನ್ನುಗಳಿಂದ ಕಿವಿ ಕೆದಕುವುದು ಇನ್ನೂ ಅಪಾಯಕರ.

ಕೇಳಿ ಮುಗಿಸಿದ ಮೇಲೆ ಕಿವಿಯಲ್ಲಿ ‘ಗುಂಯ್’ ಎಂಬ ನಾದ ಉಳಿದರೆ, ಹತ್ತಿ ತುರುಕಿದಂತೆ ಮಂಕೆನಿಸಿದರೆ, ಅದು ರೋಮಕೋಶಗಳು ದಣಿದಿವೆಯೆಂಬ ಸೂಚನೆ. ಆ ನಾದ ನಿಲ್ಲದಿದ್ದರೆ, ಅಥವಾ ಗುಂಪಿನಲ್ಲಿ ಮಾತು ತಿಳಿಯದಂತಾದರೆ ಕಿವಿ, ಮೂಗು, ಗಂಟಲು ತಜ್ಞರನ್ನು ಕಂಡು ಶ್ರವಣ ಪರೀಕ್ಷೆ ಮಾಡಿಸಬೇಕು. ಒಂದು ಕಿವಿ ಇದ್ದಕ್ಕಿದ್ದಂತೆ ಕೇಳಿಸದಾದರೆ ಒಂದು ದಿನವೂ ತಡಮಾಡಬಾರದು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯು ಶ್ರವಣ ತಪಾಸಣೆ ಮತ್ತು ಚಿಕಿತ್ಸೆಯಲ್ಲಿ ದೇಶಕ್ಕೇ ಹೆಸರಾದ ಸಂಸ್ಥೆ ಎಂಬುದು ನಮ್ಮ ನಾಡಿನವರಿಗೆ ತಿಳಿದಿರಲಿ.

ತಾಯಂದಿರು ಮತ್ತು ತಂದೆಯರಲ್ಲಿ ನಮ್ಮದೊಂದು ವಿಶೇಷ ವಿನಂತಿ. ಮಕ್ಕಳ ಕೈಗೆ ಮೊಬೈಲ್ ಕೊಡುವ ಮೊದಲು ಅದರ ಗರಿಷ್ಠ ಸದ್ದಿಗೆ ಮಿತಿ ಹಾಕಿರಿ. ಈ ಸೌಲಭ್ಯ ಬಹುಪಾಲು ಮೊಬೈಲುಗಳಲ್ಲಿದೆ. ಹತ್ತು ವರ್ಷದ ಮಗುವಿಗೆ ಆ ಕಿವಿಗಳು ಇನ್ನೂ ಆರೇಳು ದಶಕ ಬೇಕು. ಒಳ್ಳೆಯ ಇಯರ್‌ಫೋನಿಗೆ ಕೊಡುವ ಹಣಕ್ಕಿಂತ, ಇರುವ ಇಯರ್‌ಫೋನಿಗೆ ಸರಿಯಾದ ತುದಿ ಹುಡುಕಲು ಕೊಡುವ ಐದು ನಿಮಿಷ ಅನೇಕ ವೇಳೆ ಹೆಚ್ಚು ಫಲ ಕೊಡುತ್ತದೆ. ಇಂಪು ಇರುವುದು ಸದ್ದಿನಲ್ಲಲ್ಲ, ಸ್ಪಷ್ಟತೆಯಲ್ಲಿ. ಅದನ್ನು ಅರಿತವರ ಕಿವಿ ಮುಪ್ಪಿನಲ್ಲಿಯೂ ಮೊಮ್ಮಕ್ಕಳ ಪಿಸುಮಾತು ಕೇಳುವಂತಿರುತ್ತದೆ.